ಶುಂಠಿ ಬಿಸ್ಕತ್ತಿನ ಮುದುಕಿ

ಹಾರ್ನ್‌ಬಿ ಮತ್ತು ಥೆಲ್ವಿಕ್ ಊರುಗಳ ನಡುವೆ ಇರುವುದು ಒಂದು ಹೊಳೆ ಮಾತ್ರ. ಮುನ್ನೂರು ವರ್ಷದ ಹಿಂದೆ ಒಬ್ಬ ಮುದುಕಿಯನ್ನು ಮಾಟಗಾತಿಯೆಂದು ಕುರ್ಚಿಗೆ ಕಟ್ಟಿ ಆ ಹೊಳೆಯಲ್ಲಿ ಅದ್ದಿ ಕೊಂದಿದ್ದರು. ಆ ಪಾಪವನ್ನು ಎರಡೂ ಊರಿನವರು ಒಬ್ಬರ ತಲೆಗೆ ಇನ್ನೊಬ್ಬರು ಕಟ್ಟುತ್ತಲೇ ಬಂದಿದ್ದರು. ಈಗ ಪ್ರವಾಸಿಗರು ಬರತೊಡಗಿದ ಮೇಲೆ ಪಾಪ ಇಬ್ಬರಿಗೂ ಬೇಕಾಗಿತ್ತು.

ಹಾರ್ನ್‌ಬಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುವ ವಿನಿಫ್ರೆಡ್ ಜಂಟಿ ಸಭೆಯಲ್ಲಿ ಮುಖ ಕಿವುಚಿಕೊಂಡು ಕೂತಿದ್ದಳು.

"ಆ ಕುರ್ಚಿ ನಿಮ್ಮ ಸಂಗ್ರಹಾಲಯದಲ್ಲೇ ಇರ್ಲಿ, ಅವಳು ಸತ್ತಿದ್ದು ಇಲ್ಲೇ ಅನ್ನೋ ಫಲಕ ಮಾತ್ರ ನಮ್ಮ ದಡದಲ್ಲಿ ಹಾಕೋಣ," ಎಂದ ಥೆಲ್ವಿಕ್‌ನ ಡೆಸ್ಮಂಡ್. "ಮುಳುಗಿಸಿದ್ದು ನಾವೇ ಕಣ್ರೀ."

"ನಮ್ಮಜ್ಜಿ ಸಾಯೋವರೆಗೂ ಅದನ್ನೇ ಹೇಳಿದ್ಲು, ಅದು ಆಚೆ ದಡದವರ ಕೆಲಸ ಅಂತ," ಎಂದಳು ವಿನಿಫ್ರೆಡ್. " ಅದಕ್ಕೇ ನಿಮ್ಮಜ್ಜಿ ಅವಳ ಜತೆ ಮಾತು ಬಿಟ್ಟಿದ್ದು."

"ಆಗ ಪ್ರವಾಸಿಗರು ಎಲ್ಲಿದ್ರು?"

ಚಹಾದ ಜೊತೆ ಥೆಲ್ವಿಕ್‌ನವರ ಹೊಸ ಸರಕು ಬಂತು: ಕುರ್ಚಿಯಲ್ಲಿ ಕೂತ ಮುದುಕಿಯ ಆಕಾರದ ಶುಂಠಿ ಬಿಸ್ಕತ್ತು. ಡೆಸ್ಮಂಡ್ ಒಂದನ್ನು ಚಹಾದಲ್ಲಿ ಅದ್ದಿದ. ತಲೆ ಕಳಚಿ ತಳ ಸೇರಿತು. ಚಮಚದಿಂದ ತಡಕಿ, ಮೆತ್ತಗಾದ ಆ ತಲೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡು ಬೆರಳು ನೆಕ್ಕಿದ.

"ತಗೊಳ್ರೀ, ಚೆನ್ನಾಗಿದೆ," ಎಂದು ತಟ್ಟೆ ಮುಂದೆ ತಳ್ಳಿದ.

ವಿನಿಫ್ರೆಡ್ ಅದನ್ನು ಅವನ ಕಡೆಗೇ ಸರಿಸಿದಳು. "ಬೇಡ. ಅದು ಆಚೆ ದಡದವರ ಕೆಲಸ."