ಹಡಗಿಗೆ ಕಾಣದ ಮನೆ

ಮಾಟುಂಗದ ಫ್ಲ್ಯಾಟಿನಲ್ಲಿ ನಮಿತಾ ತನ್ನ ಅತ್ತೆ ರಾಜೀವಿಯ ಜೊತೆಗಿದ್ದಳು. ಗಂಡ ಸುಕೇಶ್ ಸರಕು ಹಡಗಿನ ಎಂಜಿನಿಯರ್. ವರ್ಷದ ಹೆಚ್ಚಿನ ಪಾಲು ನೀರಿನ ಮೇಲೆ. ಹಾಗಾಗಿ ಗಂಡ ಹೆಂಡತಿ ಸೇರುತ್ತಿದ್ದುದು ಇಂಟರ್‌ನೆಟ್ಟಿನ ಒಂದು ಲೋಕದಲ್ಲಿ. ಅಲ್ಲಿ ಜನ ಗೊಂಬೆಯ ರೂಪದಲ್ಲಿ ಓಡಾಡುತ್ತಾರೆ, ಜಾಗ ಹಿಡಿದು ಮನೆ ಕಟ್ಟುತ್ತಾರೆ. ಮದುವೆಯ ಹೊಸತರಲ್ಲಿ ಇವರೂ ಒಂದು ಕಟ್ಟಿದ್ದರು. ಚೌಕದ ತುಂಡು ಎಳೆದರೆ ಗೋಡೆ, ಉರುಟು ತುಂಡು ನಿಲ್ಲಿಸಿದರೆ ಕಂಬ, ಹಸಿರು ಚೆಂಡುಗಳನ್ನು ಪೇರಿಸಿದರೆ ಹಲಸಿನ ಮರ. ನೋಡಿದವರಿಗೆ ಮಕ್ಕಳಾಟ. ಆದರೆ ಅದರ ಜಗಲಿಯಲ್ಲಿ ಇಬ್ಬರ ಗೊಂಬೆಗಳು ಕೂತು ಟೈಪು ಮಾಡುತ್ತ ಹರಟುವಾಗ ನಮಿತಾಳ ಮಟ್ಟಿಗೆ ಅದು ಮನೆಯೇ.

ಕಂಪನಿ ಕೇಳಿದೆ, ಇನ್ನು ಕೆಲವು ತಿಂಗಳು ಹಡಗಿನಲ್ಲೇ ಉಳಿಯುತ್ತೇನೆ ಎಂದು ಸುಕೇಶ್ ಹೇಳಿದ್ದೂ ಆ ಜಗಲಿಯಲ್ಲೇ. ಮಾತಿಗೆ ಮಾತು ಬೆಳೆಯಿತು. ಹಾಗಾದರೆ ಈ ಮನೆ ಯಾರಿಗೆ ಎಂದು ಕೇಳಿ ನಮಿತಾ ಎದ್ದು ಹೋದಳು.

ಸಿಟ್ಟು ಇಳಿದ ಮೇಲೆ ಬೇಸರವಾಯಿತು. ಆಗವಳು ಪವಾಯಿಯ ಒಂದು ಕ್ಲಾಸಿನಲ್ಲಿ ತ್ರೀಡಿ ಮಾಡೆಲಿಂಗ್, ಅಂದರೆ ಕಂಪ್ಯೂಟರಿನಲ್ಲಿ ನಿಜದಂತೆ ಕಾಣುವ ವಸ್ತುಗಳನ್ನು ರೂಪಿಸುವುದನ್ನು, ಕಲಿಯುತ್ತಿದ್ದಳು. ಗಂಡನ ಹುಟ್ಟುಹಬ್ಬಕ್ಕೆಂದು ಕೆತ್ತನೆಯ ಕಂಬ, ಪಾಚಿ ಹಿಡಿದ ಹಂಚು, ಒಂದೊಂದು ಎಲೆಯೂ ಬೇರೆಬೇರೆ ಕಾಣುವ ಮರ ಎಲ್ಲ ಮಾಡಿ, ಹಳೆಯದನ್ನು ಅಳಿಸಿ, ಹೊಸ ಮನೆ ನಿಲ್ಲಿಸಿದಳು. ಬಂದು ನೋಡಿ ಎಂದಷ್ಟೇ ಮೆಸೇಜು ಕಳಿಸಿದಳು.

ಅವಳು ಕ್ಲಾಸಿನಲ್ಲಿದ್ದಾಗ ಅವನು ಬಂದಿದ್ದ, ಬಂದುಹೋದವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಬಂದವನು ನಿಲ್ಲದೆ ಹೊರಟುಹೋಗಿದ್ದ. ಆಮೇಲೆ ಸುದ್ದಿಯೇ ಇಲ್ಲ. ಕಳಿಸಿದ ಮೆಸೇಜುಗಳು ಅವನನ್ನು ತಲುಪಲಿಲ್ಲ. ಕಂಪನಿಯ ಆಫೀಸಿನವರು ಹಡಗು ಕ್ಷೇಮವಾಗಿದೆ, ಸಿಬ್ಬಂದಿಯ ನೆಟ್ ಮಾತ್ರ ಕೈಕೊಟ್ಟಿದೆ ಎಂದರು. ಏನಾದರೂ ಅನಾಹುತ ಆಗಿದ್ದರೂ ಇವರು ಹೇಳುತ್ತಾರೆಯೇ ಎಂಬ ಅನುಮಾನ ನಮಿತಾಳನ್ನು ಬಿಡಲಿಲ್ಲ. ಬೆಳಿಗ್ಗೆ ಚಹಾ ಕೊಡುವಾಗ ರಾಜೀವಿ ದಿನವೂ ಸೊಸೆಯ ಮುಖ ನೋಡುತ್ತಿದ್ದರು. ಕೊನೆಗೊಮ್ಮೆ, "ನಿಮ್ಮೊಳಗೆ ಎಂತಾದ್ರೂ ಆಗಿದಾ?" ಎಂದರು. ನಮಿತಾ ಇಲ್ಲವೆಂದಳು.

ಕ್ಲಾಸಿನ ಗೆಳತಿ ಸ್ನೇಹಲ್‌ಗೆ ವಿಷಯ ಹೇಳಿಕೊಂಡಾಗ, ಹಡಗಿನ ನೆಟ್ ಹೇಗೆ ಎಂದು ಅವಳು ಕೇಳಿದಳು. ತುಂಬ ನಿಧಾನ ಎಂದು ತಿಳಿದ ಮೇಲೆ, ತನ್ನ ಲ್ಯಾಪ್‌ಟಾಪಿನ ನೆಟ್ಟನ್ನೂ ಅಷ್ಟೇ ನಿಧಾನಕ್ಕೆ ಇಳಿಸಿ ಆ ಲೋಕಕ್ಕೆ ಹೊಕ್ಕಳು. ಇಬ್ಬರೂ ಕಾದು ಕೂತರು. ಮನೆ ಮೂಡಲಿಲ್ಲ. ಮರವಿಲ್ಲ, ಜಗಲಿಯಿಲ್ಲ. ಬೋಳು ನೆಲ. ಇಷ್ಟು ಕೆತ್ತನೆ, ಇಷ್ಟು ಎಲೆ ಇರುವ ಭಾರದ ಮನೆಯನ್ನು ಈ ನೆಟ್ ಎಳೆದು ತರಲಾರದು ಎಂದಳು ಸ್ನೇಹಲ್.

ನಮಿತಾಳಿಗೆ ಆಗ ಹೊಳೆಯಿತು. ಅಂಥ ಜಗಳದ ಬೆನ್ನಿಗೇ ಬಂದು ನೋಡಿ ಎಂದು ಕರೆದು, ಅವನಿಗೆ ಅವಳು ತೋರಿಸಿದ್ದು ಈ ಬೋಳು ನೆಲವನ್ನು.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಕಂಪ್ಯೂಟರಿನ ಮುಂದೆ ಕೂತಳು. ಹೊಸ ಮನೆಯನ್ನು ತೆಗೆದು ಹಳೆಯ ಹಗುರ ತುಂಡುಗಳನ್ನೇ ಎಳೆದಳು. ಅವಸರದಲ್ಲಿ ಗೋಡೆ ಓರೆಯಾಯಿತು. ಜಗಲಿ ಒಂದನ್ನು ಸರಿಯಾಗಿ ಮಾಡಿ, ತನ್ನ ಗೊಂಬೆಯನ್ನು ಅಲ್ಲಿ ಕೂರಿಸಿದಳು. ಅಂದು ಅವನು ಬರಲಿಲ್ಲ. ಮರುದಿನವೂ ಇಲ್ಲ. ಕ್ಲಾಸು ಬಿಟ್ಟಳು, ಅಡಿಗೆ ಮಾಡುವಾಗಲೂ ಕಣ್ಣು ಪರದೆಯ ಮೇಲೆ.

ಒಂದು ಸಂಜೆ ಅಂಗಳದಲ್ಲಿ ಅವನ ಗೊಂಬೆ ಕಾಣಿಸಿತು. ಅಲ್ಲೇ ನಿಂತಿತು. ಅವನ ಅಕ್ಷರಗಳು ಮೂಡಿದವು.

"ಮನೆ ತೆಗ್ದು ಬಿಟ್ಟಿದ್ದಿ ಅಂತ ಗ್ರಹಿಸಿದೆ."

"ಚಂದ ಮಾಡುವ ಅಂತ ಹೋದೆ. ನಿಮ್ಮ ನೆಟ್ಟಿಗೆ ಅದು ಕಾಣ್ಲೇ ಇಲ್ಲ. ಒಂದು ಮಾತು ಕೇಳ್ಬಹುದಿತ್ತಲ್ಲ?"

"ಕೇಳ್ಲಿಕ್ಕೆ ಹೆದರಿಕೆ ಆಯ್ತು. ಮತ್ತೆ ನೆಟ್ಟೂ ಹೋಯ್ತು ಮಾರಾಯ್ತಿ."

ಯಾವಾಗ ಬರುತ್ತೀರಿ ಎಂದು ನಮಿತಾ ಬರೆದಳು. ಉತ್ತರ ಬರುವ ಮೊದಲೇ ಅವನು ಮಾಯವಾದ. ಅವಳು ಮೇಜು ಬಿಟ್ಟು ಏಳಲಿಲ್ಲ. ಕತ್ತಲಾಗುವ ಹೊತ್ತಿಗೆ ಮತ್ತೆ ಬಂದು ಬರೆದ: ಮುಂದಿನ ಬಂದರಿನಲ್ಲಿ ಇಳಿಯುತ್ತೇನೆಂದು ಕ್ಯಾಪ್ಟನ್‌ಗೆ ಹೇಳಿಯಾಗಿದೆ, ಒಪ್ಪಿಗೆ ಇನ್ನೂ ಬರಬೇಕು.

ನಮಿತಾ ಅತ್ತೆಯನ್ನು ಕರೆದು ಪರದೆ ತೋರಿಸಿದಳು. ರಾಜೀವಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಸೊಸೆಯ ಪಕ್ಕದಲ್ಲೇ ಕುರ್ಚಿ ಎಳೆದು ಕೂತರು.