ಎರಡನೆಯ ಬ್ಯಾಟರಿಯ ನೀರು

ಸಿಟ್ಟು ಬಂದರೆ ನನಗೆ ಮೊದಲು ಕಿವಿ ಬಿಸಿಯಾಗುತ್ತವೆ, ಆಮೇಲೆ ಬಾಯಿ ಬಿಚ್ಚುತ್ತದೆ. ನಮ್ಮವ್ವ ರುಕ್ಮವ್ವ ನನ್ನ ಮುಖ ನೋಡಿಯೇ "ರೇಣವ್ವಾ, ನಾಲಗಿ ಹಿಡಿ ಬೇ" ಎನ್ನುತ್ತಿದ್ದಳು. ಎಪ್ಪತ್ತೊಂಬತ್ತರ ಆ ಬೇಸಿಗೆಯಲ್ಲಿ ನನ್ನ ಕಿವಿ ತಣ್ಣಗಾದದ್ದೇ ಇಲ್ಲ. ಕಾರಣ ಒಂದು ಬ್ಯಾಟರಿ. ಅಲ್ಲ, ಬ್ಯಾಟರಿಗೆ ಯಾಕೆ ಬೈಯಲಿ? ಅದಕ್ಕೇನು ಜಾತಿ ಇತ್ತೇ? ಕಾರಣ ಸಾವ್ಕಾರ ಸಿದ್ದರಾಯ ಮತ್ತು ಅವನ ಹೆಂಡತಿ ಗುರುಬಾಯಿ.

ನಮ್ಮೂರು ಬಬಲೇಶ್ವರದಿಂದ ಕಾಖಂಡಕಿಗೆ ಹೋಗುವ ಬಸ್ಸಿನ ದಾರಿಯಲ್ಲಿದೆ. ಊರೊಳಗೆ ಕರೆಂಟಿನ ಕಂಬ ಬಂದಿದ್ದವು. ನಮ್ಮ ಕೇರಿಯ ಹತ್ತಿರ ಬರುವಷ್ಟರಲ್ಲಿ ಕಂಬ ಮುಗಿದವಂತೆ. ಮುಗಿದವೋ, ಮುಗಿಸಿದರೋ, ಆ ದೇವರಿಗೇ ಗೊತ್ತು. ಕಂಬವಿದ್ದವರಿಗೂ ದೊಡ್ಡ ಸುಖವೇನಿರಲಿಲ್ಲ. ಕರೆಂಟು ಮುನಿಸಿಕೊಂಡ ಅಳಿಯನ ಹಾಗೆ ಯಾವಾಗಲೋ ಬರುತ್ತಿತ್ತು, ಬಂದ ಕೂಡಲೇ ಹೊರಡುತ್ತಿತ್ತು.

ಅಂಥ ಊರಿನಲ್ಲಿ ಬಿಸಿಲಿನಿಂದ ಉರಿಯುವ ಟ್ಯೂಬ್‌ಲೈಟು ಬಂದದ್ದು ನಮ್ಮ ಮನೆಗೆ. ವಿಜಾಪುರದ ಅಥಣಿ ರಸ್ತೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದ ಒಂದು ಯೋಜನೆಯವರು ಕೂಲಿ ಹೆಂಗಸರಿಗೆ ಸಂಜೆ ಅಕ್ಷರ ಕಲಿಸುವ ಶಾಲೆಗೆಂದು ಒಂದು ಗಾಜಿನ ಹಲಗೆ, ಒಂದು ಬ್ಯಾಟರಿ, ಒಂದು ಟ್ಯೂಬು ಪರೀಕ್ಷೆಗೆ ಕೊಟ್ಟರು. ಏಳನೇ ಇಯತ್ತೆ ಪಾಸಾಗಿ, ಗಂಡನ ಮನೆಯ ಬಡಿತ ಸಾಕಾಗಿ ತವರಿಗೆ ಬಂದು ಕುಳಿತಿದ್ದ ನಾನೇ ಆ ಶಾಲೆಯ ಅಕ್ಕೋರು. ಊರೊಳಗಿನ ಮಾಳಿಗೆಗಳ ಮೇಲೆಲ್ಲ ಬೇವಿನ ನೆರಳು, ನಮ್ಮ ಮಾಳಿಗೆಯ ಮೇಲೆ ಬರೀ ಬಿಸಿಲು. ನಮಗೆ ನೆರಳಿಲ್ಲದ್ದು ಜನ್ಮದಲ್ಲಿ ಅದೊಂದು ಸಲ ಉಪಯೋಗಕ್ಕೆ ಬಂತು.

ಹಲಗೆ ಹಗಲೆಲ್ಲ ಬಿಸಿಲು ಹಿಡಿದು ಬ್ಯಾಟರಿಗೆ ತುಂಬುತ್ತಿತ್ತು, ಸಂಜೆ ಆ ಬ್ಯಾಟರಿಯಿಂದ ಟ್ಯೂಬು ಉರಿಯುತ್ತಿತ್ತು. ಮೈಸೂರು ಕಡೆಯ ಇಂಜಿನಿಯರ ಸಾಹೇಬರು ಜೋಡಿಸಿ ಹೋಗುವಾಗ ನನ್ನನ್ನು ಕರೆದು, "ನೋಡಮ್ಮ, ಆಗಾಗ ಈ ಮುಚ್ಚಳ ತೆಗೆದು ನೀರು ಹಾಕ್ತಿರಬೇಕು. ಈ ಕ್ಯಾನಿನಲ್ಲಿರೋ ಬಟ್ಟಿ ಇಳಿಸಿದ ನೀರು ಮಾತ್ರ. ಬಾವಿ ನೀರು ಹಾಕಿದ್ರೆ ಉಪ್ಪಿಗೆ ಒಳಗಿನ ಪ್ಲೇಟು ಹಾಳಾಗುತ್ತೆ. ಶಾಲೆ ನಿಂತರೆ ಮಾತ್ರ ಹಲಗೆ ಬಿಚ್ಚಿಕೊಂಡು ಹೋಗ್ತೀವಿ, ತಿಕೋಟಾದವರು ಆಗಲೇ ಕೇಳ್ತಿದ್ದಾರೆ" ಎಂದಿದ್ದರು.

ಶಾಲೆ ನಿಲ್ಲುವ ಮಾತೇ ಇರಲಿಲ್ಲ. ಹಗಲೆಲ್ಲ ಹೊಲದಲ್ಲಿ ಬಗ್ಗಿ ಬಂದ ಹೆಂಗಸರು ರೊಟ್ಟಿ ಬಡಿದಿಟ್ಟು, ಕೈಯ ಹಿಟ್ಟು ಒರೆಸಿಕೊಳ್ಳುತ್ತಲೇ ಪಾಟಿ, ಬಳಪ ಹಿಡಿದು ಬರುತ್ತಿದ್ದರು. ಅವರಿಗೆ ಅದು ಬಿಟ್ಟರೆ ಬೇರೆ ಹೊತ್ತೇ ಇರಲಿಲ್ಲ. ಎಲ್ಲಿ ಹೋದರೂ ಹೆಬ್ಬೆಟ್ಟು ಒತ್ತುತ್ತಿದ್ದ ಅವ್ವ ಒಂದು ದಿನ ಬಬಲೇಶ್ವರದಲ್ಲಿ ಬಸ್ಸಿನ ಬೋರ್ಡು ಓದಿ, ಯಾರನ್ನೂ ಕೇಳದೆ ಹತ್ತಿ ಕುಳಿತಳು. ಮನೆಗೆ ಬಂದವಳು ಬಾಗಿಲಲ್ಲೇ ನಿಂತು ಅದನ್ನೇ ಹೇಳಿದಳು. ಆ ಬೆಳಕು ಹೋದರೆ ಇದೆಲ್ಲ ಹೋಯಿತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಮನೆಗೂ ಸಿದ್ದರಾಯನ ಮನೆಗೂ ನಡುವೆ ಒಂದು ಓಣಿ. ಸಂಜೆಯಾದರೆ ಅವನ ಪಡಸಾಲೆಯಲ್ಲಿ ಉರಿಯದ ಬಲ್ಬು ಬದನೆಕಾಯಿಯ ಹಾಗೆ ಜೋತು ಬಿದ್ದಿರುತ್ತಿತ್ತು, ಕೆಳಗೊಂದು ಕಂದೀಲು. ಈಚೆ ಕೇರಿಯಲ್ಲಿ ಟ್ಯೂಬಿನ ಬೆಳಕು. ಅವನ ಹೊಟ್ಟೆಯೊಳಗೆ ಖಾರ ಅರೆದಂತಾಗದೆ ಇರುತ್ತದೆಯೇ? ಒಂದು ಮುಂಜಾನೆ ನಮ್ಮ ಅಂಗಳಕ್ಕೇ ಬಂದ. ಕೂರಲಿಲ್ಲ, ನಿಂತೇ ಮಾತಾಡಿದ.

"ರುಕ್ಮವ್ವಾ, ಇನ್ನೊಂದ ಬ್ಯಾಟರಿ ನಾ ತರತೇನಿ. ಅದು ನಮ್ಮ ಪಡಸಾಲ್ಯಾಗ ಇರಲಿ. ನಿಮ್ಮ ಹಲಗಿಯಿಂದ ಒಂದ ವಾಯರ್ ಎಳದ್ರ ಮುಗೀತು. ಎರಡ ಬ್ಯಾಟರಿ ಅಂದ್ರ ಎರಡರಷ್ಟ ಬೆಳಕ. ನಿಮಗೂ ಛಲೋ, ನಮಗೂ ಛಲೋ."

ನಾನು ಸುಮ್ಮನಿರಬೇಕಿತ್ತಂತೆ. "ತಂಬಗಿ ಎರಡಾದ್ರ ಎಮ್ಮಿ ಎರಡರಷ್ಟ ಹಿಂಡತೈತೇನ್ರಿ ಸಾವ್ಕಾರ್ರ? ಹಲಗಿ ಒಂದ ಐತಿ" ಎಂದೆ.

ಅವನು ನನ್ನ ಕಡೆ ನೋಡಲೂ ಇಲ್ಲ. "ಮಗಳ ಬಾಯಿ ಭಾಳ ಉದ್ದ ಆಗೇತಿ ರುಕ್ಮವ್ವಾ. ನಾಳಿಂದ ಹೊಲಕ್ಕ ಬರೂ ವಿಚಾರ ಐತೋ ಇಲ್ಲೋ ನಿಮಗ?"

ಅಪ್ಪ ತೀರಿದ ಮೇಲೆ ನಾವು ಉಣ್ಣುತ್ತಿದ್ದದ್ದು ಅವನ ಹೊಲದ ಕೂಲಿಯ ಜೋಳ. ಅವ್ವ ತಲೆ ತಗ್ಗಿಸಿ, "ಜೋಡಿಸ್ಕೋರಿ ಯಪ್ಪಾ" ಎಂದಳು.

ವಿಜಾಪುರದ ಕಾಸಿಮಸಾಬನ ಅಂಗಡಿಯಿಂದ ಹೊಸ ಬ್ಯಾಟರಿ ಬಂತು. ಪಂಪ್‌ಸೆಟ್ ರಿಪೇರಿಯವನೊಬ್ಬ ಓಣಿಯ ಮೇಲೆ ವಾಯರು ಎಳೆದು ಎರಡೂ ಬ್ಯಾಟರಿಗಳನ್ನು ಒಂದೇ ಹಲಗೆಗೆ ಕಟ್ಟಿದ. ಇಂಜಿನಿಯರಿಗೆ ಒಂದು ಮಾತು ತಿಳಿಸಿದವರಿಲ್ಲ. ನಮ್ಮ ಮಾಳಿಗೆಯ ಮೇಲೆ ಹುಟ್ಟಿದ ಕರೆಂಟು ನೇರ ಅವರ ದೇವರ ಜಗಲಿಯ ತನಕ ಹೋಯಿತು. ಅದನ್ನು ಹೊಸ್ತಿಲಲ್ಲಿ ಯಾರೂ ತಡೆಯಲಿಲ್ಲ, ಎಲ್ಲಿಂದ ಬಂದೆ, ಯಾರ ಪೈಕಿ ಎಂದು ಕೇಳಲಿಲ್ಲ. ನಮ್ಮ ಟ್ಯೂಬು ಮಾತ್ರ ಅಂದಿನಿಂದ ಬೇಗ ಮಂಕಾಗತೊಡಗಿತು. ಪಾಠ ಅರ್ಧಕ್ಕೆ ಬರುವಷ್ಟರಲ್ಲಿ ಹೆಂಗಸರು ಪಾಟಿಯನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಆಚೆ ಸಿದ್ದರಾಯ ಝಗಝಗ ಬೆಳಕಿನಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ. ನನಗೆ ಮೈಯೆಲ್ಲ ಉರಿ.

ಆದರೂ ಅವನ ಬ್ಯಾಟರಿ ಕೆಟ್ಟರೆ ನಮ್ಮದೂ ಕೆಡುತ್ತದಲ್ಲ! ಸ್ವಲ್ಪ ದಿನ ಬಿಟ್ಟು, ಕ್ಯಾನು ಹಿಡಿದು ಅವರ ಬಾಗಿಲಿಗೆ ಹೋದೆ.

"ಅವ್ವಾರ, ಬ್ಯಾಟರಿಗೆ ನೀರ ಹಾಕಬೇಕ್ರಿ."

ಗುರುಬಾಯಿ ಒಳಗಿನಿಂದ ಓಡಿ ಬಂದಳು. "ಅಲ್ಲೇ ನಿಲ್ಲ! ಏನದು ಕ್ಯಾನಿನ್ಯಾಗ?"

"ಬ್ಯಾಟರಿ ನೀರ್ರಿ. ಬಟ್ಟಿ ಇಳಿಸಿದ್ದು."

"ಯವ್ವಯವ್ವಾ! ಕಳ್ಳಬಟ್ಟಿ ಸೆರಿ ತಂದು ನನ್ನ ದೇವ್ರ ಮುಂದ ಸುರವಾಕ ನಿಂತಾಳಲ್ಲ ಈ ಖೋಡಿ!"

"ಸೆರಿ ಅಲ್ರಿ. ನೀರ ಕುದಿಸಿ, ಹಬಿ ಹಿಡದು ಮಾಡಿದ್ದು. ಇದರಾಗ ಉಪ್ಪಿರೂದಿಲ್ಲ."

"ಏನರೆ ಇರಲಿ, ನಿಮ್ಮ ಮನ್ಯಾಗ ಇಟ್ಟ ನೀರ ಹೌದಿಲ್ಲೋ? ಮುಡಚಟ್ಟಾದ ಮೈಲಿಗಿ ನೀರ ನನ್ನ ಹೊಚ್ಚಲ ದಾಟಂಗಿಲ್ಲ. ನಮಗೇನ ಭಾಂವಿ ಇಲ್ಲೇನು? ಮಡೀಲೆ ನಾ ಹಾಕ್ತೇನಿ, ನಡಿ."

"ಭಾಂವಿ ನೀರ ಹಾಕಬ್ಯಾಡ್ರಿ ಅವ್ವಾರ! ನಿಮ್ಮ ಬ್ಯಾಟರಿ ಸಾಯತೈತಿ. ಎರಡೂ ಕೂಡಿಸಿ ಕಟ್ಟ್ಯಾರ, ನಮ್ಮದನ್ನೂ ಕೊಲ್ಲತೈತಿ."

"ಆ ನೀರ ಕುಡದ ಮನಿಶ್ಯಾರ ಬದಕ್ಯಾರ. ಬ್ಯಾಟರಿ ಸಾಯತೈತೇನ ಬೇ?"

ಬೇಳೆ ಬೇಯದಷ್ಟು ಸವಳು ನೀರು ಅದು. ಓಣಿಯಲ್ಲಿ ನಿಂತು ನಾನು ನೋಡುತ್ತಿದ್ದ ಹಾಗೆಯೇ ಆಕೆ ಜಳಕ ಮಾಡಿ, ಒದ್ದೆ ಸೀರೆಯಲ್ಲೇ ಬಾವಿಯಿಂದ ಸೇದಿ ತಂದು, ತಾಮ್ರದ ತಂಬಿಗೆಯಿಂದ ಬ್ಯಾಟರಿಯ ಒಂದೊಂದು ತೂತಿಗೂ ಉಕ್ಕಿ ಹರಿಯುವ ತನಕ ಸುರಿದಳು. ಆಮೇಲೆ ಅದಕ್ಕೆ ಕುಂಕುಮ ಬೇರೆ ಹಚ್ಚಿದಳು.

ಹೊಲದಲ್ಲಿ ಸಿದ್ದರಾಯನನ್ನು ಹುಡುಕಿ ಹೋಗಿ ಹೇಳಿದೆ. "ಹೆಂಗಸರ ಜಗಳ ನನ್ನ ತನಕ ತರಬ್ಯಾಡ" ಎಂದು ಬೆನ್ನು ತಿರುಗಿಸಿದ. ವಾಯರನ್ನು ಅಂದೇ ಕತ್ತರಿಸುತ್ತಿದ್ದೆ, ಅವ್ವ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಅಳುವವರ ಮುಂದೆ ನನ್ನ ಸಿಟ್ಟು ನಿಲ್ಲುವುದಿಲ್ಲ. ವಾಯರನ್ನು ಹಾಗೆಯೇ ಬಿಟ್ಟೆ.

ಗುರುಬಾಯಿಯ ಮಡಿ ನೀರು ತಿಂಗಳೊಪ್ಪತ್ತಿನಲ್ಲಿ ತನ್ನ ಕೆಲಸ ಮಾಡಿತು. ಅವರ ಬ್ಯಾಟರಿ ಸತ್ತಿತು. ಸತ್ತದ್ದು ಸುಮ್ಮನೆ ಸಾಯಲಿಲ್ಲ, ಹಗಲು ಹಲಗೆ ಕೊಟ್ಟದ್ದನ್ನೂ ನಮ್ಮ ಬ್ಯಾಟರಿಯಲ್ಲಿ ಇದ್ದದ್ದನ್ನೂ ಹೀರಿಕೊಂಡೇ ಕುಳಿತಿತು. ನಮ್ಮ ಟ್ಯೂಬಿನ ಎರಡು ತುದಿ ಮಾತ್ರ ಕೆಂಪಗೆ ಕಾಣಿಸಿ ಆರಿಹೋಯಿತು. ಹೆಂಗಸರು ಬಂದರು, ಕತ್ತಲಲ್ಲಿ ಸ್ವಲ್ಪ ಹೊತ್ತು ಪಾಟಿ ತೊಡೆಯ ಮೇಲಿಟ್ಟುಕೊಂಡು ಕುಳಿತರು, ಎದ್ದು ಹೋದರು. ಮರುದಿನ ಇಬ್ಬರು ಬಂದರು. ಅದರ ಮರುದಿನ ಯಾರೂ ಬರಲಿಲ್ಲ.

ಅಷ್ಟರಲ್ಲಿ ಸಿದ್ದರಾಯ ತಾನೇ ವಿಜಾಪುರಕ್ಕೆ ಹೋಗಿ ಚಾಡಿ ಹೇಳಿ ಬಂದಿದ್ದ. ಕೇರಿಯವರು ಹೊಲಸು ನೀರು ಹಾಕಿ ಎರಡೂ ಬ್ಯಾಟರಿ ಕೆಡಿಸಿದ್ದಾರೆ, ಅವರಿಗೆ ಇದೆಲ್ಲ ತಿಳಿಯುವುದಿಲ್ಲ, ಹಲಗೆಯನ್ನು ತನ್ನ ಮಾಳಿಗೆಗೆ ಹಾಕಿದರೆ ಬೇವಿನ ಟೊಂಗೆ ಕಡಿಸಿ ಜೋಪಾನ ಮಾಡುತ್ತೇನೆ ಎಂದನಂತೆ! ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಇವನು ಅಂಗಳವನ್ನೇ ಕಿತ್ತು ಒಯ್ಯಲು ನಿಂತಿದ್ದ.

ಒಂದು ಮುಂಜಾನೆ ಓಣಿಯಲ್ಲಿ ಜೀಪು ನಿಂತಿತು. ಇಂಜಿನಿಯರ ಸಾಹೇಬರು ಎರಡೂ ಬ್ಯಾಟರಿಗಳನ್ನು ಹೊರಗೆ ತರಿಸಿದರು. ಈ ಕಡೆ ಕೇರಿ, ಆ ಕಡೆ ಊರು, ನಡುವೆ ಎರಡು ಕರಿ ಡಬ್ಬಿ. ನಮ್ಮದರ ಮುಚ್ಚಳ ತೆಗೆದು ನೋಡಿ, "ಇದರ ನೀರು ಸರಿಯಾಗಿದೆ. ಚಾರ್ಜು ಪೂರಾ ಇಳಿದಿದೆ, ಅಷ್ಟೆ" ಎಂದರು. ಇನ್ನೊಂದರೊಳಗೆ ಬಗ್ಗಿ ನೋಡಿದವರೇ ಮುಖ ಸಿಂಡರಿಸಿದರು.

"ಇದಕ್ಕೆ ಬಾವಿ ನೀರು ಹಾಕಿದ್ದಾರೆ. ಯಾರು ಹಾಕಿದ್ದು?"

"ಇನ್ಯಾರ ಹಾಕ್ತಾರ್ರಿ ಸಾಹೇಬ್ರ? ನೀರ ಹಾಕೂ ಕೆಲಸ ಈಕೀದು. ಈಕಿನ ಹಾಕ್ಯಾಳ" ಎಂದ ಸಿದ್ದರಾಯ, ನಿಂತ ನಿಲುವಿನಲ್ಲೇ.

ಸಾಹೇಬರು ನನ್ನ ಕಡೆ ತಿರುಗಿದರು. "ಅಷ್ಟು ಹೇಳಿದ್ದೆನಲ್ಲಮ್ಮ. ಹೀಗಾದರೆ ಹಲಗೆ ಇಲ್ಲಿ ಬಿಡೋದಕ್ಕಾಗಲ್ಲ."

ಥೂ ಅವನ! ಸುಳ್ಳು ಎಂದು ಕಿರುಚಿದರೆ ಯಾರು ನಂಬುತ್ತಾರೆ? ಒಬ್ಬಳು ಕೇರಿಯವಳು, ಅದರಲ್ಲೂ ಗಂಡ ಬಿಟ್ಟವಳು. ಆದರೆ ಅವನ ಸುಳ್ಳಿಗೆ ಒಂದು ಬಾಗಿಲಿತ್ತು, ಆ ಬಾಗಿಲಲ್ಲಿ ಗುರುಬಾಯಿ ನಿಂತಿದ್ದಳು. ನಾನು ಎಲ್ಲರಿಗೂ ಕೇಳುವ ಹಾಗೆ ಕೂಗಿ ಕೇಳಿದೆ.

"ಹೌದ್ರಿ ಸಾವ್ಕಾರ್ರ? ನಾ ಹಾಕೇನಿ? ಎಲ್ಲಿತ್ರಿ ನಿಮ್ಮ ಬ್ಯಾಟರಿ?"

"ನಮ್ಮ ಪಡಸಾಲ್ಯಾಗ."

"ಹಂಗಾದ್ರ ನಾ ನಿಮ್ಮ ಹೊಚ್ಚಲ ದಾಟಿ ಒಳಗ ಬಂದೇನಿ. ನಿಮ್ಮ ದೇವ್ರ ಜಗಲಿ ಮುಂದ ಕುಂತೇನಿ. ನಮ್ಮ ಮನಿ ನೀರ ನನ್ನ ಕೈಲೆ ಹಾಕೇನಿ. ಹೌದಿಲ್ರಿ? ಊರ ಮಂದಿ ಮುಂದ ಹೇಳ್ರಿ."

ಸಾಹೇಬರು ನೋಡುತ್ತಿದ್ದರು. ಅವನಿಗೆ ಹಿಂದೆ ಸರಿಯಲು ದಾರಿ ಇರಲಿಲ್ಲ. "ಹೌದು. ಒಳಗ ಬಂದಿದ್ಲು, ಹಾಕಿದ್ಲು" ಎಂದ.

"ಏನಂದ್ರಿ?" ಗುರುಬಾಯಿ ಬಾಗಿಲಿನಿಂದ ಓಣಿಗೆ ಜಿಗಿದಳು. "ಈಕಿ ನನ್ನ ಮನಿಯೊಳಗ ಬಂದಿದ್ಲಾ? ಬೀಗರ ಕಿವಿಗೆ ಬಿದ್ರ ನನ್ನ ಮನ್ಯಾಗ ಯಾರ ನೀರ ಕುಡದಾರು? ನಿಮ್ಮ ಬಾಯಾಗ ಮಣ್ಣ ಬೀಳ್ಲಿರಿ! ಹೊಚ್ಚಲ ಸೈತ ಮುಟ್ಟಗೊಟ್ಟಿಲ್ಲ ನಾ. ಜಳಕಾ ಮಾಡಿ, ನಮ್ಮ ಭಾಂವಿ ನೀರ ಸೇದಿ, ನನ್ನ ತಂಬಗಿಲೆ ನಾನ ಹಾಕೇನಿ! ತುಂಬ ಹಾಕೇನಿ!"

ಗಂಡನ ಬಾಯಿಗೆ ಮಣ್ಣು ಹಾಕುವಾಗಲೂ ಮರ್ಯಾದೆ ಬಿಡಲಿಲ್ಲ ಮಹಾತಾಯಿ. ಕೇರಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು, ಊರಿನವರಲ್ಲೇ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಕೆಮ್ಮಿ, "ಸರಿ, ಗೊತ್ತಾಯ್ತು. ಹಲಗೆ ಇಲ್ಲೇ ಇರುತ್ತೆ. ನಿಮ್ಮ ಬ್ಯಾಟರೀನ ವಿಜಾಪುರದಲ್ಲಿ ಚಾರ್ಜು ಮಾಡಿಸಿ ಕಳಿಸ್ತೀನಿ" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಸಿದ್ದರಾಯನಂಥವರಿಗೆ ನಾಚಿಕೆ ಎಂಬುದು ಅಂಗಿಯ ಮೇಲಿನ ಧೂಳು. ಕೊಡವಿಕೊಂಡು ಮುಂದೆ ಬಂದ. "ಸಾಹೇಬ್ರ, ನಾ ಇನ್ನೊಂದ ಹೊಸಾ ಬ್ಯಾಟರಿ ತರತೇನಿ. ವಾಯರ್ ಹಂಗ ಇರಲಿ. ನೀರಿಂದ ಒಂದ ತೊಡಕ ಹೌದಿಲ್ಲೋ? ರುಕ್ಮವ್ವ ಕ್ಯಾನ ತಂದು ನಮ್ಮ ಅಂಗಳದಾಗ ಇಟ್ಟ ಹೋಗ್ಲಿ. ನಾವು ಮ್ಯಾಲ ಗೋಮೂತ್ರ ಚಿಮಕಿಸಿ ಒಳಗ ತಗೋತೇವಿ."

ಸಾಹೇಬರ ಮುಖ ಅರಳಿತು. "ಒಳ್ಳೇ ದಾರಿ ಅಲ್ವೇನಮ್ಮ? ಇಬ್ಬರಿಗೂ ತೊಂದರೆ ಇಲ್ಲ. ಸಣ್ಣ ವಿಷಯ."

ಸಣ್ಣ ವಿಷಯ! ನನ್ನ ಬಾಯಿಗೆ ಬಂದ ಮಾತು ಬರೆಯುವ ಹಾಗಿಲ್ಲ. ಆದರೆ ನಾನು ಬಾಯಿ ತೆರೆಯುವ ಮೊದಲೇ ಅವ್ವ ನನ್ನನ್ನು ಬದಿಗೆ ಸರಿಸಿ ಮುಂದೆ ಹೋದಳು. ಜನ್ಮದಲ್ಲಿ ಸಾವ್ಕಾರನ ಮುಂದೆ ತಲೆ ಎತ್ತದ ಹೆಂಗಸು. ಧ್ವನಿ ಏರಿಸಲಿಲ್ಲ.

"ಕ್ಯಾನ ಯಾಕ ಇಡಬೇಕ್ರಿ ಸಾವ್ಕಾರ್ರ? ಈ ಊರಿಗೆ ಸೊಸಿಯಾಗಿ ಬಂದಾಗಿಂದ ನಿಮ್ಮ ಹೊಲದಾಗ ನೀರಡಿಸಿದ್ರ ನಾ ಬೊಗಸಿ ಹಿಡದು ಕೆಳಗ ಕುಂದರತೇನಿ, ನಿಮ್ಮ ಹೆಂಡ್ರು ಮ್ಯಾಲ ನಿಂತು ಸುರೂತಾರ. ಒಂದಿನ ಸೈತ ಅವರ ಕೈಗೆ ನನ್ನ ಕೈ ತಾಕಿಲ್ಲ. ಇದೂ ಹಂಗ ಆಗ್ಲಿ. ಅವ್ವಾರ ನಮ್ಮ ಬಾಗಲಕ ಬರಲಿ. ಕೆಳಗ ಕುಂತು ಬೊಗಸಿ ಹಿಡೀಲಿ. ನಾ ಮ್ಯಾಲಿಂದ ಹಾಕ್ತೇನಿ. ಬೇಕಾದಷ್ಟ ಹಾಕ್ತೇನಿ."

ಅವ್ವ ಗುರುಬಾಯಿಯನ್ನೇ ನೋಡುತ್ತ ನಿಂತಿದ್ದಳು. ಗುರುಬಾಯಿ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ನಾನು ಮಾಳಿಗೆ ಹತ್ತಿ ವಾಯರು ಕತ್ತರಿಸಿದೆ.