ಓಂಕಾರಪ್ಪ ಬರೆದ ಗುಪ್ತಲಿಪಿ

ಕೆಜಿಎಫ್‌ನ ಒಂದು ಯಂತ್ರ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಓಂಕಾರಪ್ಪ ಮುಖ್ಯಸ್ಥರು. ಯಂತ್ರಗಳ ನಕ್ಷೆ ಫ್ಲಾಪಿಯಲ್ಲಿ ಬೆಂಗಳೂರಿಗೆ ಹೋಗುವಾಗ ದಾರಿಯಲ್ಲಿ ಯಾರೂ ಓದಬಾರದೆಂದು, ಅಕ್ಷರಗಳನ್ನು ಅದಲುಬದಲು ಮಾಡಿ ಬೀಗ ಹಾಕುವ ಪ್ರೋಗ್ರಾಮೊಂದನ್ನು ಅವರು ಎಂಬತ್ತರ ದಶಕದಲ್ಲೇ ಬರೆದಿದ್ದರು. ಮಗಳು ಹುಟ್ಟಿದ ವರ್ಷವೇ ಅದೂ ಹುಟ್ಟಿದ್ದು. ಎರಡರ ಬಗ್ಗೆಯೂ ಅವರಿಗೆ ಹೆಮ್ಮೆ.

ತೊಂಬತ್ತಾರರಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಕ್ಯಾಸಂಬಳ್ಳಿಯ ಮುನಿರತ್ನಮ್ಮ ಒಂದು ಮಧ್ಯಾಹ್ನ ಅವರ ಮೇಜಿನ ಮುಂದೆ ಬಂದು ನಿಂತಳು.

"ಬೇಜಾರು ಮಾಡ್ಕೋಬ್ಯಾಡಿ ಸಾರ್. ನೀವು ಬೀಗ ಆಕಿದ್ದ ನಕ್ಷೇನ ಕೀಲಿ ಇಲ್ದೇನೇ ತೆಗ್ದೆ."

"ಎಲ್ಲಿ, ನನ್ನೆದುರಿಗೇ ತೆಗಿಯಮ್ಮ ನೋಡೋಣ."

ಪ್ರತಿ ನಕ್ಷೆಯ ತಲೆಯ ಮೇಲೂ ಕಾರ್ಖಾನೆಯ ಹೆಸರು ಇದ್ದೇ ಇರುತ್ತಿತ್ತು. ಆ ಒಂದೇ ಸುಳಿವು ಹಿಡಿದು ಅವಳು ಒಂದೊಂದೇ ಅಕ್ಷರ ಬಿಡಿಸುತ್ತ ಹೋದಳು. ಓಂಕಾರಪ್ಪನವರ ಚಹಾ ಆರುವಷ್ಟರಲ್ಲಿ ಇಡೀ ನಕ್ಷೆ ಪರದೆಯ ಮೇಲಿತ್ತು. ಅವರ ಕಿವಿ ಬಿಸಿಯಾಯಿತು.

"ಇವತ್ತೇ ಅಳಿಸಿಹಾಕಿ ಹೊಸದನ್ನ ತರೋಣ."

"ಒಂದೇ ಸಲಕ್ಕೆ ಬ್ಯಾಡ ಸಾರ್. ಇದನ್ನ ನಂಬ್ಕೊಂಡು ಎಲ್ಲೆಲ್ಲಿ ಕೆಲ್ಸ ನಡೀತೈತೋ! ಮೊದ್ಲು ಎಲ್ರಿಗೂ ತಿಳಿಸಿ, ಆಮ್ಯಾಕೆ ತೆಗೆಯೋಣ."

"ನನ್ನ ಕಣ್ಣೆದುರು ಇರೋದೇ ಬೇಡ ಅದು," ಎಂದು ಓಂಕಾರಪ್ಪ ತಾವೇ ಅಳಿಸಿಬಿಟ್ಟರು.

ಮರುದಿನ ಬಂಗಾರಪೇಟೆಯ ರೈಲು ಇಳಿದು ಅವರು ಕಾರ್ಖಾನೆಗೆ ಬಂದಾಗ, ರಿಪೇರಿ ವಿಭಾಗದ ಕೋದಂಡಪ್ಪ ಬಾಗಿಲಲ್ಲೇ ಕಾಯುತ್ತಿದ್ದ.

"ಏನ್ ಸಾರ್ ಇದು, ಅಳೇ ನಕ್ಷೆ ಒಂದೂ ಓಪನ್ ಆಗ್ತಿಲ್ಲ! ನಮ್ಮೋರು ಗಣಿ ಪಂಪು ಬಿಚ್ಕೊಂಡು ಕುಂತವ್ರೆ. ಕೆಳಗೆ ನೀರು ಏರ್ತಾ ಐತೆ."

ಓಂಕಾರಪ್ಪ ಚೀಲವನ್ನೂ ಕೆಳಗಿಡದೆ ಕಂಪ್ಯೂಟರ್ ಮುಂದೆ ಕೂತರು. ಪ್ರೋಗ್ರಾಮಿನ ಇನ್ನೊಂದು ಪ್ರತಿ ಟೇಪಿನಲ್ಲಿತ್ತು. ಅದನ್ನು ಮರಳಿ ಹಾಕಲು ಹೊರಟವರು ಅರೆಗಳಿಗೆ ತಡೆದರು. ಹಳೆಯ ನಕ್ಷೆಗಳು ತೆರೆಯಲಿ, ಹೊಸದಕ್ಕೆ ಈ ಬೀಗ ಬೀಳದಿರಲಿ ಎಂದು ಬೀಗ ತೆಗೆಯುವ ಭಾಗವನ್ನಷ್ಟೇ ಹಾಕಿ, ಬೀಗ ಹಾಕುವ ಭಾಗವನ್ನು ಬಿಟ್ಟರು. ಕೋದಂಡಪ್ಪ ನಕ್ಷೆ ಹಿಡಿದು ಓಡಿದ. ಮಧ್ಯಾಹ್ನದ ಹೊತ್ತಿಗೆ ಪಂಪು ಮತ್ತೆ ನೀರೆತ್ತತೊಡಗಿತೆಂದು ಫೋನು ಬಂತು.

"ನಿನ್ನ ಮಾತು ಕೇಳಬೇಕಿತ್ತಮ್ಮ," ಎಂದರು ಓಂಕಾರಪ್ಪ. ಮುನಿರತ್ನಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಹೊಸ ಬೀಗದ ಪ್ರೋಗ್ರಾಮು ಬರೆಯತೊಡಗಿದಳು.

ಅದು ಸಿದ್ಧವಾದಂದಿನಿಂದ, ಹಳೆಯ ನಕ್ಷೆ ತೆರೆದವರಿಗೆಲ್ಲ ಪರದೆಯ ಮೇಲೆ ಒಂದು ಸಾಲು ಕಾಣಿಸತೊಡಗಿತು: 'ಇದನ್ನು ಹೊಸ ಬೀಗಕ್ಕೆ ಬದಲಿಸಿಕೊಳ್ಳಿ. ಯುಗಾದಿಯ ನಂತರ ಹಳೆಯದು ಇರುವುದಿಲ್ಲ.' ಬೈದುಕೊಂಡೇ ಎಲ್ಲರೂ ಬದಲಿಸಿಕೊಂಡರು. ಹಬ್ಬ ಕಳೆದ ಮೇಲೆ ಓಂಕಾರಪ್ಪ ಒಂದೊಂದು ವಿಭಾಗಕ್ಕೂ ತಾವೇ ಹೋಗಿ ವಿಚಾರಿಸಿ ಬಂದು, ಉಳಿಸಿದ್ದ ಬೀಗ ತೆಗೆಯುವ ಭಾಗವನ್ನೂ ಅಳಿಸಿದರು. ಎಲ್ಲಿಯೂ ಏನೂ ನಿಲ್ಲಲಿಲ್ಲ. ಎದೆಯೊಳಗೆ ಏನೋ ಚುಳ್ಳೆಂದದ್ದು ಅವರಿಗೊಬ್ಬರಿಗೇ ಗೊತ್ತು.

"ನೀನು ಬರೆದಿದ್ದನ್ನೂ ನಾಳೆ ಯಾರೋ ಒಡೀತಾರೆ," ಎಂದರು.

"ಒಡೀಲಿ ಬಿಡಿ ಸಾರ್. ಎಂಗೆ ಒಡೆದ್ರು ಅಂತ ಕುಂತು ನೋಡ್ತೀನಿ," ಎಂದು ಮುನಿರತ್ನಮ್ಮ ನಕ್ಕಳು.